ರೋಗಿಯ ಮನೆಗೆ ಬಂದ ದೂರವಾಣಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕು ಪಟ್ಟಣಗಳಾದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಒಂದಾದರೂ ರಾಜಧಾನಿಯಿಂದ ಐವತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿಲ್ಲ. ಮುಂಜಾನೆಯ ಬಸ್ಸು ಹತ್ತಿದವರು ಕಚೇರಿಯ ವೇಳೆಗೆ ಮೆಜೆಸ್ಟಿಕ್ ಸೇರುತ್ತಾರೆ. ಇಲ್ಲಿನ ಸೊಪ್ಪು ತರಕಾರಿ ಅದಕ್ಕೂ ಮೊದಲೇ ಮಾರುಕಟ್ಟೆ ಸೇರಿರುತ್ತದೆ. ಆದರೆ ದೂರವನ್ನು ಅಳೆಯುವ ಕೋಲು ಎಲ್ಲರಿಗೂ ಒಂದೇ ಅಲ್ಲ. ಹೃದಯಾಘಾತವಾಗಿ, ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಮನೆಗೆ ಬಂದ ಮನುಷ್ಯನಿಗೆ ಆ ನಲವತ್ತು ಕಿಲೋಮೀಟರು ಒಂದು ದಿನದ ಕೂಲಿ. ಜೊತೆಗೆ ಬರುವ ಮಗನದು ಇನ್ನೊಂದು ದಿನದ ಕೂಲಿ. ಎರಡು ಬಸ್ಸು, ಒಂದು ಆಟೋ, ಹೊಟೇಲಿನ ಊಟ. ಅಂಥವನಿಗೆ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬಂದು ವೈದ್ಯರ ಕಣ್ಣೆದುರಿನಲ್ಲಿ ವ್ಯಾಯಾಮ ಮಾಡಿ ಹೋಗು ಎಂದರೆ, ಅವನು ತಲೆಯಾಡಿಸಿಯಾನು, ಆದರೆ ಬರಲಾರ.

ಅಷ್ಟಿಷ್ಟು ತೆರೆದಿದ್ದ ಆ ದಾರಿಯೂ 2020ರ ಮಾರ್ಚ್ 25ರಂದು ಮುಚ್ಚಿಹೋಯಿತು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ಕೋವಿಡ್ ತಗುಲಿ ತೀರಿಕೊಂಡಿದ್ದರು. ದೇಶದಲ್ಲಿ ಆ ರೋಗದಿಂದಾದ ಮೊದಲ ಸಾವು ಅದೇ. ಬಸ್ಸು ನಿಂತಿತು, ಮಗ್ಗ ನಿಂತಿತು, ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಬಿಕೋ ಎಂದವು. ಹೃದಯದ ಕಾಯಿಲೆ ಮಾತ್ರ ನಿಲ್ಲಲಿಲ್ಲ. ಆಗ ಕೆಲವು ವೈದ್ಯರೂ ಫಿಸಿಯೋಥೆರಪಿಸ್ಟರೂ ರೋಗಿಯನ್ನು ಕರೆಸುವ ಬದಲು ರೋಗಿಗೆ ತಾವೇ ಕರೆ ಮಾಡತೊಡಗಿದರು. ನಾನು ವೈದ್ಯನಲ್ಲ, ದೊಡ್ಡಬಳ್ಳಾಪುರದಲ್ಲಿ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿಕೊಂಡು ಬಂದವನು. ಈ ಹೊಸ ಏರ್ಪಾಡು ಎಲ್ಲಿಂದ ಬಂತು, ಇದರ ಹಿಂದೆ ಎಂಥ ಅನುಭವಗಳಿವೆ, ಸಾಂಕ್ರಾಮಿಕ ಕಳೆದ ಮೇಲೆ ಇದು ಉಳಿಯಬೇಕಾದರೆ ಏನಾಗಬೇಕು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದಷ್ಟೇ ಈ ಲೇಖನದ ಉದ್ದೇಶ.

ಹೃದಯ ಪುನಶ್ಚೇತನ ಎಂಬ ಮಾತು ನಮ್ಮಲ್ಲಿ ಇನ್ನೂ ಮನೆಮಾತಾಗಿಲ್ಲ. ಹೃದಯಾಘಾತವಾದವನ, ಇಲ್ಲವೆ ಹೃದಯದ ಶಸ್ತ್ರಚಿಕಿತ್ಸೆ ಆದವನ ಜೀವ ಉಳಿಸಿದ್ದಾಯಿತು. ಇನ್ನು ಅವನನ್ನು ಬಾಳಿಗೆ ಮರಳಿಸಬೇಕಷ್ಟೆ. ಅದಕ್ಕೆ ಹದವರಿತ ನಡಿಗೆ ಮತ್ತು ವ್ಯಾಯಾಮ, ತಪ್ಪದೆ ಔಷಧ, ಹೊಗೆಸೊಪ್ಪಿನ ತ್ಯಾಗ, ಊಟದಲ್ಲಿ ಹಿಡಿತ, ಮನಸ್ಸಿನ ಅಂಜಿಕೆಯನ್ನು ಕಳೆಯುವ ಮಾತು, ಇವೆಲ್ಲವನ್ನೂ ಸೇರಿಸಿ ಸುಮಾರು ಹನ್ನೆರಡು ವಾರ ಕೈಹಿಡಿದು ನಡೆಸುವ ಕ್ರಮಕ್ಕೆ ಆ ಹೆಸರು. ಹೀಗೆ ನಡೆಸಿಕೊಂಡವರಲ್ಲಿ ಹೃದ್ರೋಗದ ಸಾವೂ, ಮತ್ತೆ ಆಸ್ಪತ್ರೆ ಸೇರುವ ಪ್ರಸಂಗವೂ ಕಡಿಮೆಯಾಗುತ್ತವೆಂಬುದು ಹಲವು ದೇಶಗಳ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ.

ಆದರೆ ವೈದ್ಯಶಾಸ್ತ್ರ ಈ ಅಭಿಪ್ರಾಯಕ್ಕೆ ಸುಲಭವಾಗಿ ಬರಲಿಲ್ಲ. ಎದೆಸೆಳೆತದ ಲಕ್ಷಣಗಳನ್ನು 18ನೆಯ ಶತಮಾನದಲ್ಲಿ ಮೊದಲು ವಿಶದವಾಗಿ ಬಣ್ಣಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್, ದಿನವೂ ಅರ್ಧ ಗಂಟೆ ಮರ ಕೊಯ್ಯುವ ಕೆಲಸವನ್ನು ತನಗೆ ತಾನೇ ವಿಧಿಸಿಕೊಂಡ ಒಬ್ಬ ರೋಗಿ ಬಹುಮಟ್ಟಿಗೆ ಗುಣವಾದನೆಂದು ಬರೆದಿಟ್ಟಿದ್ದ. ಆ ಸೂಚನೆಯನ್ನು ಯಾರೂ ಹಿಡಿದು ಮುಂದಕ್ಕೆ ಒಯ್ಯಲಿಲ್ಲ. 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಹೃದಯದ ರಕ್ತನಾಳ ಕಟ್ಟಿಕೊಂಡವನೂ ಬದುಕಿರಬಲ್ಲನೆಂದು ತೋರಿಸಿದರು. ಆದರೆ ಅಲ್ಲಿಂದ ಮುಂದಿನ ನಾಲ್ಕು ದಶಕ ಅಂಥ ರೋಗಿಗೆ ದೊರೆತ ಮುಖ್ಯ ಚಿಕಿತ್ಸೆ ಮಂಚ. ಆರೆಂಟು ವಾರ ಅಲುಗಾಡದೆ ಮಲಗಬೇಕು. ಕೆಲವೆಡೆ ಅನ್ನ ತಿನ್ನಿಸುವುದಕ್ಕೂ ದಾದಿಯೇ ಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಶ್ವಾಸಕೋಶ ಸೊರಗಿ, ಮನಸ್ಸು ಕುಗ್ಗಿ, ರೋಗದಿಂದ ಉಳಿದವರು ವಿಶ್ರಾಂತಿಯಿಂದ ಸೋತದ್ದುಂಟು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಮೊದಲ ದಿನಗಳಲ್ಲೇ ರೋಗಿಯನ್ನು ಮಂಚದಿಂದೆತ್ತಿ ಆರಾಮಕುರ್ಚಿಯಲ್ಲಿ ಕೂಡಿಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ಇಂದು ನಗು ತರಿಸುವಷ್ಟು ಸಣ್ಣ ಹೆಜ್ಜೆ ಅದು. ಆದರೆ ಅಂದು ಅದು ಸಾಹಸವೇ ಆಗಿತ್ತು.

ಮರುವರ್ಷ, 1953ರಲ್ಲಿ, ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯ ಆ ನಗರದ ಎರಡಂತಸ್ತಿನ ಬಸ್ಸುಗಳ ಲೆಕ್ಕ ತೆಗೆದರು. ದಿನವೆಲ್ಲ ಕೂತೇ ಇರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ ಎಂದು ತಿಳಿದುಬಂತು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಹೃದಯಾಘಾತವಾದಾಗ ಅವರ ವೈದ್ಯ ಪಾಲ್ ಡಡ್ಲಿ ವೈಟ್, ನಡಿಗೆಯ ಮಹಿಮೆಯನ್ನು ದೇಶಕ್ಕೆಲ್ಲ ಸಾರಿದರು. ಮರುವರ್ಷ ಅಧ್ಯಕ್ಷರು ಮತ್ತೆ ಚುನಾವಣೆಗೆ ನಿಂತು ಗೆದ್ದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೃದ್ರೋಗಿಗಳ ಪುನಶ್ಚೇತನವನ್ನು ಕುರಿತು ವರದಿ ಹೊರಡಿಸಿದ್ದು 1964ರಲ್ಲಿ. 1966ರಲ್ಲಿ ಅಮೆರಿಕದ ಡಲ್ಲಸ್ ನಗರದಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಂಚದಲ್ಲಿ ಮಲಗಿಸಿ ಪರೀಕ್ಷಿಸಿದರು. ಅವರ ದೇಹಶಕ್ತಿ ಹೇಳತೀರದಷ್ಟು ಕುಸಿಯಿತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡ ವಿಚಿತ್ರವೆಂದರೆ, ಮೂವತ್ತು ವರ್ಷದ ಮುಪ್ಪು ಅವರಿಗೆ ಮಾಡಿದ ನಷ್ಟಕ್ಕಿಂತ ಅಂದಿನ ಮೂರು ವಾರದ ಮಂಚ ಮಾಡಿದ ನಷ್ಟವೇ ಹೆಚ್ಚಾಗಿತ್ತು.

ಹೀಗೆ ನಡಿಗೆ ಮದ್ದಾಯಿತು. ಆದರೆ ಆ ಮದ್ದು ಸಿಗುವ ಅಂಗಡಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೊಳಗಿನ ಒಂದು ಹಜಾರ. ಅಲ್ಲಿ ಓಡುವ ಪಟ್ಟಿಯ ಯಂತ್ರ, ತುಳಿಯುವ ಸೈಕಲ್ಲು, ಎದೆಗೆ ತಂತಿ, ಪಕ್ಕದಲ್ಲಿ ದಾದಿ. ಊರು ದೂರವಿದ್ದವನಿಗೆ ಇದು ಹೇಗೆ ತಲುಪಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹೃದಯದ ವೈದ್ಯರಲ್ಲ. ಅದನ್ನು ಬೇರೆ ಎರಡು ರೋಗಗಳ ಚರಿತ್ರೆಯಲ್ಲಿ, ಅದೂ ನಮ್ಮ ನೆಲದಲ್ಲಿಯೇ, ಹುಡುಕಬೇಕಾಗುತ್ತದೆ.

ಮೊದಲನೆಯದು ಪ್ಲೇಗು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿ ನಗರದ ರೂಪವನ್ನೇ ಬದಲಿಸಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ನಗರಕ್ಕೆ ಒಬ್ಬ ಆರೋಗ್ಯಾಧಿಕಾರಿ ಬಂದ. ಊರನ್ನು ನಾಲ್ಕು ವಾರ್ಡುಗಳಾಗಿ ಹಂಚಲಾಯಿತು. ಗಾಳಿ ಬೆಳಕಿನ ಮನೆಗಳ ಬಡಾವಣೆಗಳು ಬೆಳೆದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಪ್ಲೇಗಿನ ವಿರುದ್ಧ ನಡೆದ ಕಾರ್ಯಾಚರಣೆಯನ್ನು ಹೊಂದಿಸಿಕೊಂಡು ಹೋಗಲೆಂದೇ ಆಗ ಬೆಂಗಳೂರಿನಲ್ಲಿ ದೂರವಾಣಿಯ ತಂತಿಗಳನ್ನು ಎಳೆದರು. ಸಾಂಕ್ರಾಮಿಕವೊಂದು ಮನುಷ್ಯರನ್ನು ಒಬ್ಬರಿಂದೊಬ್ಬರನ್ನು ದೂರ ಮಾಡಿದಾಗ ಆ ದೂರವನ್ನು ತಂತಿಯಿಂದ ದಾಟುವ ಪ್ರಯತ್ನ ಈ ಊರಿಗೆ ಹೊಸದಲ್ಲ ಎಂಬುದನ್ನು ಗಮನಿಸಬೇಕು. ಆದರೆ ಆ ತಂತಿ ಆಡಳಿತದ ತಂತಿ. ಒಬ್ಬ ಅಧಿಕಾರಿ ಇನ್ನೊಬ್ಬನೊಡನೆ ಮಾತನಾಡಿದ. ಊರು ಬಿಟ್ಟು ಹೊಲದ ನಡುವೆ ಗುಡಿಸಲು ಹಾಕಿಕೊಂಡು ಮಾರಿ ಕಳೆಯುವುದನ್ನೇ ಕಾಯುತ್ತಿದ್ದ ಹಳ್ಳಿಯ ಸಂಸಾರಕ್ಕೆ ಆ ತಂತಿಯ ದನಿ ಕೇಳಿಸಲಿಲ್ಲ.

ಅದೇ ಹೊತ್ತಿಗೆ ದೂರದ ಹಾಲೆಂಡಿನಲ್ಲಿ ತಂತಿ ಹೃದಯಕ್ಕೆ ಹತ್ತಿರವಾಗುತ್ತಿತ್ತು. ಇ.ಸಿ.ಜಿ. ಯಂತ್ರದ ಜನಕನೆನಿಸಿದ ವಿಲ್ಲೆಮ್ ಐಂಥೋವನ್ನರ ಉಪಕರಣ ಎಷ್ಟು ಭಾರಿಯದೆಂದರೆ ಅದನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. ರೋಗಿಯನ್ನು ಅದರ ಬಳಿಗೆ ತರುವುದೂ ಕಷ್ಟ. 1905ರಲ್ಲಿ ಅವರು ಲೈಡನ್ ನಗರದ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರು ದೂರದ ತಮ್ಮ ಪ್ರಯೋಗಶಾಲೆಗೆ ದೂರವಾಣಿಯ ತಂತಿಯ ಮೂಲಕವೇ ಹೃದಯದ ಮಿಡಿತವನ್ನು ತರಿಸಿಕೊಂಡು ಬರೆಯಿಸಿದರು. ಇಂದು ತಾಲ್ಲೂಕು ಆಸ್ಪತ್ರೆಯಿಂದ ಇ.ಸಿ.ಜಿ.ಯ ಚಿತ್ರ ಮೊಬೈಲಿನಲ್ಲಿ ಬೆಂಗಳೂರಿಗೆ ಹಾರುವಾಗ ನಾವು ಅದನ್ನು ಇಪ್ಪತ್ತೊಂದನೆಯ ಶತಮಾನದ ಪವಾಡವೆಂದು ಕೊಂಡಾಡುತ್ತೇವೆ. ಅದರ ಬೀಜಕ್ಕೆ ನೂರಿಪ್ಪತ್ತು ವರ್ಷ ತುಂಬಿದೆ.

ಎರಡನೆಯ ರೋಗ ಕ್ಷಯ. ಅದರ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಗೆ ಇನ್ನೂ ನೇರವಾದ ಪಾಠವಿದೆ. ಸ್ಯಾನಟೋರಿಯಂ ಸೇರದೆ ಕ್ಷಯ ವಾಸಿಯಾಗದೆಂದು ಒಂದು ಕಾಲಕ್ಕೆ ಎಲ್ಲರೂ ನಂಬಿದ್ದರು. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಟ್ಟಲೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ 193 ಮಂದಿ ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಮ್ಮಿಗೂ ಇನ್ನೊಂದನ್ನು ಅವರವರ ಮನೆಗೂ ಕಳಿಸಿ, ಇಬ್ಬರಿಗೂ ಅದೇ ಔಷಧವನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಕಣ್ಣು ತೆರೆಸಿತು. ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆಯ ಊಟದಲ್ಲಿ ಇದ್ದವರೂ ಸ್ಯಾನಟೋರಿಯಮ್ಮಿನವರಷ್ಟೇ ಹೆಚ್ಚುಕಡಿಮೆ ಗುಣವಾಗಿದ್ದರು. ಅವರೊಡನಿದ್ದ ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮರುವರ್ಷ ನೆಹರೂ ಅವರು ಅದನ್ನು ಉದ್ಘಾಟಿಸಿದರು. ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ ಅದು ಇಂದಿಗೂ ಇದೆ. ಆ ಸಂಸ್ಥೆಯ ತಂಡಗಳು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋದವು. ಒಂದೇ ಮನೆಯ ಬಾಗಿಲನ್ನು ವರ್ಷಗಳ ಅಂತರದಲ್ಲಿ ಪುನಃ ತಟ್ಟಿದವು. ಹೊಲದ ಬದುವಿನಲ್ಲಿ ಜೀಪು ನಿಲ್ಲಿಸಿ, ಕೆಮ್ಮಿದವರ ಕಫ ಸಂಗ್ರಹಿಸಿ, ಎಕ್ಸ್‌ರೇ ತೆಗೆದು, ಹಳ್ಳಿಗಾಡಿನಲ್ಲಿ ರೋಗ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಅವರು ಬರೆದಿಟ್ಟ ಲೆಕ್ಕವನ್ನು ಇಂದಿಗೂ ಪ್ರಪಂಚದ ಪಂಡಿತರು ಬಳಸುತ್ತಾರೆ. ಸಂಸ್ಥೆಯ ಸಮಾಜವಿಜ್ಞಾನಿ ದೇವಬರ್ ಬ್ಯಾನರ್ಜಿ ಸಂಗಡಿಗರೊಡನೆ ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿದಾಗ ಇನ್ನೊಂದು ಸತ್ಯ ಹೊರಬಿತ್ತು. ಹಳ್ಳಿಯವರು ತಿಳಿವಳಿಕೆಯಿಲ್ಲದೆ ರೋಗ ಮುಚ್ಚಿಟ್ಟುಕೊಂಡು ಕೂರುತ್ತಾರೆಂಬ ಪಟ್ಟಣದವರ ನಂಬಿಕೆ ಸುಳ್ಳಾಯಿತು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿ, ಒಂದು ಸೀಸೆ ಕೆಮ್ಮಿನ ಔಷಧ ಪಡೆದು ಮರಳಿದ್ದರು.

ಈ ಹಳೆಯ ಕಥೆಯನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಚಿಕಿತ್ಸೆ ಸರಿಯಾಗಿದ್ದರೆ ಬಡವನ ಮನೆಯೂ ಆಸ್ಪತ್ರೆಯಾಗಬಲ್ಲದು ಎಂದು ಮದರಾಸು ಕಲಿಸಿತು. ಒಮ್ಮೆ ಹೋಗಿ ಬಂದರೆ ಸಾಲದು, ಅದೇ ಮನೆಗೆ ಮತ್ತೆ ಹೋಗಬೇಕು ಎಂದು ನಮ್ಮ ಹಳ್ಳಿಗಳು ಕಲಿಸಿದವು. ತಪ್ಪನ್ನು ರೋಗಿಯ ತಲೆಗೆ ಕಟ್ಟುವ ಮೊದಲು ಆಸ್ಪತ್ರೆ ಅವನಿಗೆ ಏನು ಕೊಟ್ಟು ಕಳಿಸಿತೆಂದು ನೋಡಿಕೊಳ್ಳಬೇಕು ಎಂದು ತುಮಕೂರು ಕಲಿಸಿತು. ಅರವತ್ತು ವರ್ಷಗಳ ಮೇಲೆ ಹೃದಯದ ವೈದ್ಯರಿಗೆ ಬೇಕಾಗಿದ್ದ ಪಾಠಗಳೂ ಇವೇ.

ಈ ನಡುವೆ ಕರ್ನಾಟಕದಲ್ಲಿ ಹೃದ್ರೋಗ ಚಿಕಿತ್ಸೆ ಬಹಳ ಬೆಳೆದಿತ್ತು. ಪ್ಲೇಗಿನ ಕಾಲದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಚಿಗುರಿದ ಜಯದೇವ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಹೋಗಿ ದೇಶದ ದೊಡ್ಡ ಹೃದಯಾಲಯಗಳಲ್ಲಿ ಒಂದಾಯಿತು. 2002ರಲ್ಲಿ ಇಸ್ರೊ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ, ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಮುಗಿಲಿನ ದಾರಿಯಲ್ಲಿ ಇ.ಸಿ.ಜಿ. ಬಂದಿತು. 2018ರಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತರು ವಾಟ್ಸಾಪ್ ಗುಂಪು ಕಟ್ಟಿ, ಹಳ್ಳಿಯ ವೈದ್ಯರು ಕಳಿಸಿದ ಇ.ಸಿ.ಜಿ. ಚಿತ್ರ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನೂ ಒದಗಿಸಿದರು.

ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ವಾಚಕರು ಒಂದು ಅಂಶ ಗಮನಿಸಬೇಕು. ಇವೆಲ್ಲವೂ ವೈದ್ಯನಿಂದ ವೈದ್ಯನಿಗೆ ಹೋದ ತಂತಿಗಳು, ಅದೂ ಆಪತ್ತಿನ ಗಳಿಗೆಗೆ. ಜೀವ ಉಳಿದು ಮನೆಗೆ ಹೋದವನ ಮುಂದಿನ ಹನ್ನೆರಡು ವಾರಕ್ಕೆ ಏನೂ ಇರಲಿಲ್ಲ. ಕೋವಿಡ್‌ಗೆ ತುಸು ಮೊದಲು ಜಗತ್ತಿನ ಪುನಶ್ಚೇತನ ಕೇಂದ್ರಗಳ ಗಣತಿಯೊಂದು ನಡೆದಾಗ ನಮ್ಮ ಇಡೀ ದೇಶದಲ್ಲಿ ಗುರುತಿಗೆ ಬಂದ ಕೇಂದ್ರಗಳು 23. ಮಿಕ್ಕವರಿಗೆ ಸಿಗುತ್ತಿದ್ದದ್ದು ಬಿಡುಗಡೆಯ ಚೀಟಿ, ಮಾತ್ರೆಯ ಪಟ್ಟಿ, ‘ಭಾರ ಎತ್ತಬೇಡಿ, ತಿಂಗಳು ಬಿಟ್ಟು ಬನ್ನಿ’ ಎಂಬ ಮಾತು.

ಇಂಥ ಸ್ಥಿತಿಯಲ್ಲಿ 2020 ಬಂತು. ಲಾಕ್‌ಡೌನ್ ಜಾರಿಗೆ ಬಂದ ದಿನವೇ, ಮಾರ್ಚ್ 25ರಂದು, ದೂರದಿಂದ ಚಿಕಿತ್ಸೆ ಕೊಡುವುದಕ್ಕೆ ಸಂಬಂಧಪಟ್ಟ ನಿಯಮಾವಳಿಯನ್ನು ಕೇಂದ್ರ ಸರ್ಕಾರ ಹೊರಡಿಸಿತು. ದೂರವಾಣಿಯಲ್ಲಿ ಸಲಹೆ ಕೊಡುವುದು ಸಮ್ಮತವೋ ಅಲ್ಲವೋ ಎಂಬ ವೈದ್ಯರ ಬಹುದಿನದ ಅಳುಕು ಅಂದಿಗೆ ತೀರಿತು. ಏಪ್ರಿಲ್ 13ರಂದು ಇ-ಸಂಜೀವಿನಿಯ ಹೊರರೋಗಿ ಸೇವೆ ಆರಂಭವಾಯಿತು. ಇತ್ತ ಆಸ್ಪತ್ರೆಗೆ ಹೋದರೆ ಕೋವಿಡ್ ಅಂಟೀತೆಂದು ಎದೆನೋವನ್ನೇ ಜನ ನುಂಗಿಕೊಂಡರು. ಭಾರತೀಯ ಹೃದ್ರೋಗತಜ್ಞರ ಸಂಘ 187 ಆಸ್ಪತ್ರೆಗಳ ಲೆಕ್ಕ ಕೂಡಿಸಿ ನೋಡಿದಾಗ, ಹೃದಯಾಘಾತವೆಂದು ದಾಖಲಾದವರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ನೂರಕ್ಕೆ 35ರಷ್ಟು ಇಳಿದಿತ್ತು. ರೋಗ ಇಳಿದಿರಲಿಲ್ಲ, ರೋಗಿಗಳು ಮನೆಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಮಣಿಪಾಲದ ಫಿಸಿಯೋಥೆರಪಿ ಪ್ರಾಧ್ಯಾಪಕ ಅಬ್ರಹಾಂ ಸ್ಯಾಮ್ಯುಯೆಲ್ ಬಾಬು ಅವರು ಅಮೆರಿಕದ ತಜ್ಞರೊಡನೆ ಕೂಡಿ ಕೆನಡದ ಹೃದ್ರೋಗ ಪತ್ರಿಕೆಯೊಂದರಲ್ಲಿ, ಹೃದಯ ಪುನಶ್ಚೇತನದ ಬದಲಿ ಮಾದರಿಗಳು ನಡುರಂಗಕ್ಕೆ ಬರಬೇಕಾದ ಕಾಲವಿದು ಎಂದು ವಾದಿಸಿದರು. ಬಾಗಿಲು ಮುಚ್ಚಿದ ಹಜಾರವನ್ನು ಕುರಿತು ಕೊರಗುವುದಕ್ಕಿಂತ ಮನೆಯನ್ನೇ ಹಜಾರ ಮಾಡುವುದು ಲೇಸೆಂಬುದು ಅದರ ಸಾರ.

ಈ ಏರ್ಪಾಡು ನಡೆಯುವ ಬಗೆಯನ್ನು ಇಲ್ಲಿ ಹೇಳುವುದು ಉಚಿತ. ಮೊದಲ ಕರೆಯಲ್ಲಿ ರೋಗಿಯ ಕಾಗದಪತ್ರ ನೋಡಿ, ಹೃದಯದ ಬಲ ಎಷ್ಟಿದೆ, ನಾಡಿ ಹದ ತಪ್ಪುತ್ತದೆಯೆ, ಇನ್ನೂ ಎದೆನೋವಿದೆಯೆ ಎಂದು ತೂಗುತ್ತಾರೆ. ಅಪಾಯ ಹೆಚ್ಚಿದ್ದವರನ್ನು ಮನೆಯ ವ್ಯಾಯಾಮಕ್ಕೆ ಬಿಡುವಂತಿಲ್ಲ. ಅವರು ಆಸ್ಪತ್ರೆಗೇ ಬರಬೇಕು. ಮಿಕ್ಕವರಿಗೆ ವಿಡಿಯೊ ಕರೆಯಲ್ಲಿ ಸಣ್ಣ ಪರೀಕ್ಷೆ: ಕುರ್ಚಿಯಿಂದ ಕೈಯೂರದೆ ಎಷ್ಟು ಸಲ ಏಳುತ್ತಾರೆ, ನಿಂತಲ್ಲೇ ಎಷ್ಟು ಹೆಜ್ಜೆ ಹಾಕುತ್ತಾರೆ. ಮೊದಲ ವಾರ ಐದೋ ಹತ್ತೋ ನಿಮಿಷದ ನಡಿಗೆ. ವಾರ ವಾರಕ್ಕೆ ತುಸು ಏರಿಕೆ. ಯಂತ್ರವಿಲ್ಲದೆ ಶ್ರಮವನ್ನು ಅಳೆಯುವುದಕ್ಕೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ರೂಪಿಸಿದ ಅಳತೆಯಿದೆ. ಆರರಿಂದ ಇಪ್ಪತ್ತರವರೆಗಿನ ಅಂಕಿಗಳಲ್ಲಿ ನಿಮ್ಮ ಆಯಾಸ ಎಷ್ಟು ಎಂದು ರೋಗಿಯನ್ನೇ ಕೇಳುವುದು. ಆ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತ ಯುವಕನ ನಾಡಿಬಡಿತ ಸುಮಾರಾಗಿ ಸಿಗುತ್ತದೆ. ಅದಕ್ಕಾಗಿಯೇ ಎಣಿಕೆ ಆರರಿಂದ ಮೊದಲಾಗುತ್ತದೆ. ಹೃದಯದ ಬಡಿತ ಇಳಿಸುವ ಮಾತ್ರೆ ನುಂಗುವವರಿಗೆ ಆ ಲೆಕ್ಕ ಹೊಂದದು. ಆಯಾಸದ ಮಾತು ಮಾತ್ರ ಹೊಂದುತ್ತದೆ. ಅದಕ್ಕಿಂತಲೂ ಸುಲಭವಾದದ್ದು ಮಾತಿನ ಪರೀಕ್ಷೆ. ನಡೆಯುತ್ತ ಮಾತಾಡಲು ಆಗಬೇಕು. ವಾಕ್ಯ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಎದೆ ಬಿಗಿತ, ತಲೆಸುತ್ತು, ಬೆವರು, ಕಾಲಿನ ಬಾವು ಕಂಡರೆ ನಿಲ್ಲಿಸಿ ತಿಳಿಸಬೇಕು.

ನಮ್ಮ ಬೀದಿಯಲ್ಲಿ ಮಗ್ಗ ನಡೆಸುವವರೊಬ್ಬರಿಗೆ ಆ ವರ್ಷದ ಆರಂಭದಲ್ಲಿ ಬೆಂಗಳೂರಿನಲ್ಲಿ ಸ್ಟೆಂಟು ಹಾಕಿದ್ದರು. ಲಾಕ್‌ಡೌನ್ ಬಂದು ಮಗ್ಗ ನಿಂತ ಮೇಲೆ ಅವರು ಜಗುಲಿಯಲ್ಲಿ ಕೂತದ್ದು ಕೂತೇ ಇದ್ದರು. ಎದ್ದರೆ ಎಲ್ಲಿ ಏನಾಗುವುದೋ ಎಂಬ ಭಯ ಅವರಿಗಿಂತ ಮನೆಯವರಿಗೆ ಹೆಚ್ಚು. ನೀರಿನ ಚೆಂಬನ್ನೂ ಹೆಂಡತಿಯೇ ಕೈಗೆ ತಂದುಕೊಡುತ್ತಿದ್ದರು. ಮೇ ತಿಂಗಳಲ್ಲಿ ಅವರಿಗೆ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಕರೆ ಬರತೊಡಗಿತು. ‘ಯಾರೋ ಒಂದು ಮಗು ಮೇಷ್ಟ್ರೇ, ನನ್ನ ಮಗಳ ವಯಸ್ಸಿರಬೇಕು. ಅಣ್ಣಾ, ಎದ್ದು ನಿಲ್ಲಿ, ನಾನೂ ನಿಲ್ತೀನಿ ಅಂತಾಳೆ. ಹೆಜ್ಜೆ ಎಣಿಸು ಅಂತಾಳೆ. ಎಣಿಸ್ತೀನಿ’ ಎಂದು ಅವರು ನನಗೆ ಹೇಳಿದರು. ಮೂರನೆಯ ವಾರ ಆ ಹುಡುಗಿ ಅವರ ಹೆಂಡತಿಯನ್ನು ಫೋನಿಗೆ ಕರೆದು, ‘ಅಮ್ಮಾ, ನೀವು ನೀರು ತಂದುಕೊಡಬೇಡಿ, ಅವರೇ ಹೋಗಿ ತಗೊಳ್ಳಲಿ, ಅದೂ ಔಷಧವೇ’ ಎಂದಳಂತೆ. ಎರಡು ತಿಂಗಳಾಗುವಷ್ಟರಲ್ಲಿ ಅವರು ಬೀದಿಯ ಈ ತುದಿಯಿಂದ ಆ ತುದಿಗೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮುಂಜಾನೆ ನಾಲ್ಕು ಸುತ್ತು ಬರುವುದನ್ನು ನಾನು ನೋಡಿದೆ. ‘ವ್ಯಾಯಾಮಕ್ಕಿಂತ, ಮಂಗಳವಾರ ಫೋನು ಬರ್ತದೆ ಅನ್ನೋದೇ ಒಂದು ಧೈರ್ಯ ನೋಡಿ’ ಎಂದರು.

ಹಾಗೆಂದು ಇದು ಎಲ್ಲರಿಗೂ ಒದಗಿತೆಂದು ಭಾವಿಸಬಾರದು. ಹಳ್ಳಿಯ ಮನೆಯಲ್ಲಿ ವಿಡಿಯೊ ತೋರಿಸುವ ಫೋನು ಒಂದಿದ್ದರೆ ಅದು ಮಗನ ಜೇಬಿನಲ್ಲಿರುತ್ತದೆ. ಮಗ ಕೆಲಸಕ್ಕೆ ಹೋದರೆ ಆಸ್ಪತ್ರೆಯೂ ಅವನ ಜೊತೆ ಹೋದಂತೆಯೇ. ಹೆಂಗಸರ ಪಾಡು ಇನ್ನೂ ಕಷ್ಟ. ಎದೆ ಬಿಗಿದರೆ ಗ್ಯಾಸ್ಟ್ರಿಕ್ ಎಂದು ತಾವೇ ನಿರ್ಣಯಿಸಿಕೊಳ್ಳುವ ತಾಯಂದಿರು, ಮನೆಗೆಲಸವೇ ಸಾಕಷ್ಟಿರುವಾಗ ಬೇರೆ ವ್ಯಾಯಾಮವೇಕೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಹೇಳಲಾಗದು. ಇಂಥಲ್ಲಿ ಬಾಗಿಲಿಗೆ ಹೋಗಬಲ್ಲವರು ಆಶಾ ಕಾರ್ಯಕರ್ತೆಯರು. ಅವರ ತಲೆಯ ಮೇಲೆ ಆ ವರ್ಷ ಕೋವಿಡ್ ಸಮೀಕ್ಷೆಯ ಹೊರೆ ಬಿದ್ದಿತ್ತು. ತಿಂಗಳಿಗೆ 12,000 ರೂಪಾಯಿ ಗೌರವಧನ ಬೇಕೆಂದು 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಬೇಕಾಯಿತು. ಮನೆಗೆ ಹೋಗುವ ವೈದ್ಯಕೀಯವನ್ನು ಹೊಗಳುವವರು ಮನೆಗೆ ಹೋಗುವವಳ ಸಂಬಳವನ್ನೂ ವಿಚಾರಿಸಬೇಕಲ್ಲವೆ?

ಮನೆಯ ಪುನಶ್ಚೇತನ ಆಸ್ಪತ್ರೆಯದಕ್ಕೆ ಸಮವೇ ಎಂದು ಕೇಳುವವರುಂಟು. 1992ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಲೂಯಿನ್ ಮತ್ತು ಸಂಗಡಿಗರು ಒಂದು ಕೈಪಿಡಿ ಕೊಟ್ಟು, ಆಗಾಗ ವಿಚಾರಿಸುವ ಒಬ್ಬ ಸಹಾಯಕನನ್ನು ನೇಮಿಸಿ, ಹೃದಯಾಘಾತವಾದವರ ಅಂಜಿಕೆಯನ್ನೂ ಆಸ್ಪತ್ರೆಗೆ ಅಲೆಯುವುದನ್ನೂ ಕಡಿಮೆ ಮಾಡಿ ತೋರಿಸಿದ್ದರು. ಬಳಿಕ ನಡೆದ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದವರು, ಆಯ್ದ ರೋಗಿಗಳಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದಿದ್ದಾರೆ. ನಮ್ಮ ದೇಶದ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗಾಧಾರಿತ ಪುನಶ್ಚೇತನದ ಪರೀಕ್ಷೆ ದುಬಾರಿ ಯಂತ್ರವಿಲ್ಲದ ಮಾರ್ಗವೊಂದನ್ನು ತೋರಿಸಿತು. ಸಾವು ಅಥವಾ ಮರು ಆಘಾತ ನಿಶ್ಚಯವಾಗಿ ಇಳಿಯಿತೆಂದು ಅದು ಸಾಧಿಸಲಿಲ್ಲ. ಆದರೆ ಯೋಗ ಮಾಡಿದವರಿಗೆ ಆರೋಗ್ಯ ಉತ್ತಮವೆನಿಸಿತು, ಹಿಂದಿನ ಕೆಲಸಗಳಿಗೆ ಮರಳುವುದು ಸುಲಭವಾಯಿತು. ಒಬ್ಬ ನೇಕಾರನಿಗೆ, ಒಬ್ಬ ರೈತನಿಗೆ ಹಿಂದಿನ ಕೆಲಸಕ್ಕೆ ಮರಳುವುದು ಸಣ್ಣ ಮಾತಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ನಾಡು ಅತ್ತಿತು, ಜೊತೆಗೆ ಬೆದರಿತು. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ವ್ಯಾಯಾಮ ಮಾಡುತ್ತಿದ್ದವರೇ ಹೋದರಲ್ಲ, ನಮಗೇಕೆ ಆ ಗೊಡವೆ ಎಂಬ ಮಾತು ನಮ್ಮೂರಿನ ಹೊಟೇಲುಗಳಲ್ಲೂ ಕೇಳಿಬಂತು. 2025ರ ಜೂನ್, ಜುಲೈಗಳಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಇದೇ ದೃಶ್ಯ. ಐದು ನಿಮಿಷದ ಇ.ಸಿ.ಜಿ.ಗಾಗಿ ದಿನವೆಲ್ಲ ನಿಲ್ಲುವ ನಾವು ಹನ್ನೆರಡು ವಾರದ ನಡಿಗೆಯನ್ನು ಕೇಳಿ ಪಡೆಯುವುದಿಲ್ಲ. ಹೆಬರ್ಡನ್ ಬರೆದ ಮರ ಕೊಯ್ಯುವವನ ಕಥೆ ಇನ್ನೂ ನಮ್ಮ ಮನೆಗಳಿಗೆ ಬಂದು ತಲುಪಿಲ್ಲ.

ಪುನೀತ್ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ 2023–24ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದೊಡನೆ ರಕ್ತದ ಗಟ್ಟಿಯನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಯ ದೂರವನ್ನು ಹೀಗೆ ದಾಟಲು ಸಾಧ್ಯವಾದದ್ದು ದೊಡ್ಡ ಸಾಧನೆ. ಇನ್ನುಳಿದಿರುವುದು ಅದರ ಮುಂದಿನ ಹನ್ನೆರಡು ವಾರ. ಅದಕ್ಕೆ ಬೇಕಾದ ಬಂಡವಾಳವೂ ಹೆಚ್ಚಿನದಲ್ಲ: ತಾಲ್ಲೂಕು ಆಸ್ಪತ್ರೆಗೆ ತರಬೇತಿಯಾದ ಒಬ್ಬ ಫಿಸಿಯೋಥೆರಪಿಸ್ಟ್, ಒಂದು ದೂರವಾಣಿ, ಬಿಡುಗಡೆಯಾದವರ ಹೆಸರು ಬರೆದಿಟ್ಟ ಒಂದು ರಿಜಿಸ್ಟರು, ಕರೆ ತೆಗೆಯದವರ ಮನೆಗೆ ಹೋಗಿ ನೋಡುವ ಒಬ್ಬ ಆಶಾ ಕಾರ್ಯಕರ್ತೆ ಮತ್ತು ಅವಳಿಗೆ ತಕ್ಕ ಸಂಭಾವನೆ.

ಪ್ಲೇಗು ಹೋದ ಮೇಲೂ ದೂರವಾಣಿಯ ತಂತಿ ಉಳಿಯಿತು, ಆರೋಗ್ಯಾಧಿಕಾರಿಯ ಹುದ್ದೆ ಉಳಿಯಿತು, ಆಸ್ಪತ್ರೆ ಉಳಿಯಿತು. ಮನೆಯ ಕ್ಷಯ ಚಿಕಿತ್ಸೆ ಸರ್ಕಾರದ ನಿಯಮವಾಗಿ ಉಳಿಯಿತು. ಕೋವಿಡ್ ಕಾಲದಲ್ಲಿ ಹೃದ್ರೋಗಿಗಳ ಮನೆಗೆ ಬಂದ ಆ ವಾರದ ಕರೆ ಹಾಗೆ ಹುದ್ದೆಯಾಗಿ, ನಿಯಮವಾಗಿ ಇನ್ನೂ ನೆಲೆಗೊಂಡಿಲ್ಲ. ಅದು ಬಹುಮಟ್ಟಿಗೆ ಕೆಲವರ ಉತ್ಸಾಹವನ್ನೇ ನೆಚ್ಚಿಕೊಂಡಿದೆ. ಉತ್ಸಾಹ ವರ್ಗವಾಗಿ ಬೇರೆ ಊರಿಗೆ ಹೋದೀತು, ದಣಿದೀತು. ನಮ್ಮ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ಜೀವ ಉಳಿಸಿಕೊಂಡು ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಹೆಸರುಗಳ ಪಟ್ಟಿ ಯಾವ ಆಸ್ಪತ್ರೆಯ ಯಾವ ಮೇಜಿನ ಮೇಲಿದೆ ಎಂದು ನಮ್ಮ ಪುರಸಭೆಗಳೂ ಪಂಚಾಯತಿಗಳೂ ಒಮ್ಮೆ ಕೇಳಿದರೆ, ಆ ಕೆಲಸ ಅಲ್ಲಿಂದ ಆರಂಭವಾದೀತು.